ಕಾವಿಗೆ ಕೂರುವ ಹೇಂಟೆ ಯಾರ ಮನೆಯಲ್ಲಿದೆ?

ಹೋದ ಮಾಘದಲ್ಲಿ ಅಮ್ಮ ಒಂದು ಹೇಂಟೆಗಾಗಿ ಬೀದಿಯೆಲ್ಲ ಅಲೆದಳು. ಮೊಟ್ಟೆಗೆ ಬರವಿರಲಿಲ್ಲ. ನಮ್ಮ ಹಿತ್ತಿಲಲ್ಲೇ ಹನ್ನೊಂದು ಹೇಂಟೆಗಳಿವೆ. ಗಿರಿರಾಜ ನಾಲ್ಕು, ಸ್ವರ್ಣಧಾರ ಎರಡು, ಮಿಕ್ಕವು ಇಂಥದ್ದೆಂದು ಹೇಳಲಾಗದ ಬೆರಕೆ. ಮೊಟ್ಟೆ ಇಡುತ್ತವೆ, ಎದ್ದು ಹೋಗುತ್ತವೆ. ಹನ್ನೊಂದರಲ್ಲಿ ಒಂದೂ ಕಾವಿಗೆ ಕೂರಲಿಲ್ಲ. ಕೊನೆಗೆ ಮೇಲಿನ ಬೀದಿಯ ಅಜ್ಜಿಯೊಬ್ಬರು ತಮ್ಮ ಕರಿ ನಾಟಿ ಹೇಂಟೆಯನ್ನು ಪಾಲಿನ ಮೇಲೆ ಕೊಟ್ಟರು. ಎದ್ದ ಪಿಳ್ಳೆಗಳಲ್ಲಿ ಅರ್ಧ ಅವರಿಗೆ.

ನಾನು ಚಿಕ್ಕವನಿದ್ದಾಗ ಇದೇ ಹಿತ್ತಿಲಲ್ಲಿ ಕಾವು ಬಿಡಿಸುವುದೇ ದೊಡ್ಡ ಕೆಲಸವಾಗಿತ್ತು. ಬಿಸಿಲಲ್ಲಿ ಮರಿ ಬೇಡವೆಂದರೂ ಹೇಂಟೆಗಳು ಮಂಕರಿ ಬಿಟ್ಟು ಏಳುತ್ತಿರಲಿಲ್ಲ, ಹಿಡಿದು ನೀರಿನಲ್ಲಿ ಅದ್ದಬೇಕಿತ್ತು. ಇಷ್ಟು ಬೇಗ ಇದು ತಲೆಕೆಳಗಾದದ್ದು ಹೇಗೆ ಎಂದು ಲೆಕ್ಕ ಹಾಕಿ ನೋಡಿದ ಮೇಲೆ ನನಗೆ ನಿಜಕ್ಕೂ ಭಯವಾಗಿದೆ.

ಗಿರಿರಾಜ ಕೆಟ್ಟ ಕೋಳಿ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಿತ್ತಿಲ ಸಾಕಣೆಗೆಂದೇ ರೂಪಿಸಿದ ತಳಿ ಅದು. ನಾಟಿಗಿಂತ ಎರಡು ಪಟ್ಟಿಗೂ ಹೆಚ್ಚು ಮೊಟ್ಟೆ ಇಡುತ್ತದೆ, ಬೇಗ ತೂಕ ಬರುತ್ತದೆ. ಆದರೆ ಆ ಮೊಟ್ಟೆಗೊಂದು ಬೆಲೆಯಿದೆ. ಹೇಂಟೆ ಕಾವಿಗೆ ಕೂತಾಗ ಅದರ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ, ಮೊಟ್ಟೆ ನಿಲ್ಲುತ್ತದೆ. ಕಾವು, ಮರಿ ಸಾಕುವುದು ಎಲ್ಲ ಸೇರಿ ತಿಂಗಳುಗಟ್ಟಲೆ ಮೊಟ್ಟೆಯಿಲ್ಲ. ಹೆಚ್ಚು ಮೊಟ್ಟೆ ಬೇಕೆಂದು ಆರಿಸುತ್ತಾ ಹೋದ ತಳಿಗಾರರು ಎಲ್ಲ ಕಡೆಯೂ ಮೊದಲು ಕಳೆದದ್ದು ಈ ಗುಣವನ್ನೇ. ಮೊಟ್ಟೆಗೆ ಹೆಸರಾದ ವೈಟ್ ಲೆಗ್‌ಹಾರ್ನ್ ಕಾವಿಗೆ ಕೂರುವುದು ಅಪರೂಪ. ಗಿರಿರಾಜವೂ ಹಾಗೆಯೇ, ಮರಿ ಬೇಕೆಂದರೆ ಮಾರಾಟ ಕೇಂದ್ರದಿಂದಲೇ ತರಬೇಕು.

ನಾಟಿ, ಗಿರಿರಾಜ ಎರಡನ್ನೂ ಒಂದೇ ಗೂಡಿಗೆ ಬಿಟ್ಟಾಗ ತೊಂದರೆ ಶುರುವಾಗುತ್ತದೆ. ನಾಟಿ ಹುಂಜಕ್ಕೆ ಪೇಟೆಯಲ್ಲಿ ಬೆಲೆ ಹೆಚ್ಚು. ಹಬ್ಬ ಬಂತೆಂದರೆ ಮೊದಲು ಮನೆ ಬಿಡುವುದು ಅದೇ. ಹಿತ್ತಿಲಲ್ಲಿ ಉಳಿಯುವುದು ಗಿರಿರಾಜ ಹುಂಜ. ನಾಟಿ ಹೇಂಟೆಯ ಮರಿಗಳೆಲ್ಲ ಆಗ ಅದರವೇ. ಮೊದಲ ತಲೆಮಾರಿನ ಮರಿಯಲ್ಲಿ ನಾಟಿ ರಕ್ತ ಅರ್ಧ. ಆ ಮರಿ ಹೇಂಟೆಯಾಗಿ ಮತ್ತೆ ಗಿರಿರಾಜ ಹುಂಜದೊಡನೆ ಕೂಡಿದರೆ ಕಾಲು ಭಾಗ. ಮುಂದಿನದು ನೂರಕ್ಕೆ 12.5. ನಾಲ್ಕನೆಯದು ಆರು ಚಿಲ್ಲರೆ. ಹೇಂಟೆ ಆರೇಳು ತಿಂಗಳಿಗೇ ಮೊಟ್ಟೆಗೆ ಬರುವುದರಿಂದ ಈ ನಾಲ್ಕು ತಲೆಮಾರು ನಾಲ್ಕೇ ವರ್ಷದಲ್ಲಿ ಮುಗಿಯುತ್ತವೆ. ಒಂದು ಮಗು ಅಂಗನವಾಡಿ ಮುಗಿಸುವಷ್ಟರಲ್ಲಿ ಒಂದು ಹಿತ್ತಿಲಿನ ತಳಿ ಮುಗಿದಿರುತ್ತದೆ.

ಮೊದಲ ತಲೆಮಾರು ನೋಡಲು ಬಲು ಚೆನ್ನ, ನಮ್ಮನ್ನು ಮೋಸಗೊಳಿಸುವುದೇ ಅದು. ದೂರದ ಎರಡು ರಕ್ತ ಕೂಡಿದಾಗ ಬರುವ ಕಸುವು ಅದರಲ್ಲಿರುತ್ತದೆ. ಮೈ ತುಂಬಿರುತ್ತದೆ, ಮೊಟ್ಟೆ ಹೆಚ್ಚು, ಒಂದೆರಡು ಕಾವಿಗೂ ಕೂರುತ್ತವೆ. ನಮ್ಮ ಮನೆಯಲ್ಲೂ ಆ ವರ್ಷ ಎಲ್ಲರಿಗೂ ಸಂತೋಷ. ಕಸುವು ಇಳಿಯುವುದು, ಗುಣಗಳು ಚೆದುರುವುದು ಆಮೇಲಿನ ತಲೆಮಾರುಗಳಲ್ಲಿ. ಅಷ್ಟು ಹೊತ್ತಿಗೆ ಹಳೆಯ ಹೇಂಟೆ ಸಾರಾಗಿರುತ್ತದೆ.

ಇದು ಬರಿಯ ಕಾಗದದ ಲೆಕ್ಕವಲ್ಲ. ಸಾಕುಕೋಳಿಗಳ ಮೂಲವಾದ ಕೆಂಪು ಕಾಡುಕೋಳಿಗೇ ಹೀಗಾಗಿದೆ. ಹಳೆಯ ವಸ್ತುಸಂಗ್ರಹಾಲಯಗಳ ಮಾದರಿಗಳನ್ನು ಇಂದಿನ ಕಾಡುಕೋಳಿಗಳ ಜೊತೆ ಹೋಲಿಸಿ 2023ರಲ್ಲಿ ಪ್ರಕಟವಾದ ಸಿಂಗಪುರದ ವಿಜ್ಞಾನಿಗಳ ಅಧ್ಯಯನದ ಪ್ರಕಾರ, ಇಂದಿನ ಕಾಡುಕೋಳಿಯ ಜೀನೋಮಿನಲ್ಲಿ ನೂರಕ್ಕೆ 20ರಿಂದ 50ರಷ್ಟು ಸಾಕುಕೋಳಿಯದು. ಕಾಡಿನಲ್ಲಿದ್ದ ಹಕ್ಕಿಗೇ ಹೀಗಾದರೆ ಒಂದೇ ಮಂಕರಿಯ ಕೆಳಗೆ ಮಲಗುವ ಹಕ್ಕಿಯ ಪಾಡೇನು? ಜಗತ್ತಿನ ಸಾಕುಪ್ರಾಣಿ ತಳಿಗಳ ಬಗ್ಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2015ರಲ್ಲಿ ಹೊರತಂದ ಎರಡನೇ ವರದಿಯೂ ತಳಿ ನಾಶದ ಮುಖ್ಯ ಕಾರಣಗಳಲ್ಲಿ ಲಂಗುಲಗಾಮಿಲ್ಲದ ಬೆರಕೆಯನ್ನು ಹೆಸರಿಸಿದೆ.

2019ರ ಜಾನುವಾರು ಗಣತಿಯಲ್ಲಿ ದೇಶದ ಹಿತ್ತಿಲ ಕೋಳಿಗಳು ಸುಮಾರು 31.7 ಕೋಟಿ, 2012ಕ್ಕಿಂತ ನೂರಕ್ಕೆ 45ಕ್ಕೂ ಹೆಚ್ಚು ಏರಿಕೆ. ನಾಟಿ ಕೋಳಿ ಬೆಳೆಯುತ್ತಿದೆ ಎಂದು ಇದನ್ನು ಓದಿಕೊಂಡರೆ ತಪ್ಪಾಗುತ್ತದೆ. ಸುಧಾರಿತ ತಳಿಗಳೂ ಈ ಲೆಕ್ಕದೊಳಗೇ ಇವೆ. ತಲೆ ಎಣಿಸಿದರೆ ರಕ್ತ ಗೊತ್ತಾಗುವುದಿಲ್ಲ.

ಕಾವು ಹೋದರೆ ಇನ್‌ಕ್ಯುಬೇಟರ್ ಇದೆಯಲ್ಲ ಎನ್ನುವವರಿದ್ದಾರೆ. ಅಮ್ಮ ಮಂಕರಿಗೆ ಹೊಟ್ಟು ಹಾಸಿ, ಮೊಟ್ಟೆಗಳ ಪಕ್ಕ ಒಂದು ಇದ್ದಿಲು, ಒಂದು ಒಣಮೆಣಸಿನಕಾಯಿ ಇಟ್ಟು ಆ ಕರಿ ಹೇಂಟೆಯನ್ನು ಕೂರಿಸಿದಾಗ ನಾನು 21 ದಿನವೂ ನೋಡಿದೆ. ದಿನಕ್ಕೊಮ್ಮೆ ಏಳುತ್ತಿತ್ತು, ಕಾಳು, ನೀರು, ಒಂದು ಸಲ ಮಣ್ಣುಸ್ನಾನ, ಮತ್ತೆ ಒಳಗೆ. ಕೊಕ್ಕಿನಿಂದ ಅಂಚಿನ ಮೊಟ್ಟೆಯನ್ನು ನಡುವಿಗೆ, ನಡುವಿನದನ್ನು ಅಂಚಿಗೆ ಸರಿಸುತ್ತಿತ್ತು. ಇಷ್ಟನ್ನು ಯಂತ್ರವೂ ಮಾಡೀತು, ಕರೆಂಟು ಇದ್ದರೆ. ಪಿಳ್ಳೆ ಎದ್ದ ಮೇಲಿನ ಎರಡು ತಿಂಗಳನ್ನು ಯಾವ ಯಂತ್ರ ನೋಡಿಕೊಳ್ಳುತ್ತದೆ? ಮೇಲೆ ಹದ್ದು ಕಂಡರೆ ಕೋಳಿ ಕೂಗುವ ಬಗೆ ಬೇರೆ, ನೆಲದಲ್ಲಿ ಮುಂಗುಸಿಯೋ ನಾಯಿಯೋ ಬಂದರೆ ಕೂಗುವ ಬಗೆ ಬೇರೆ. ಪ್ರಾಣಿ ನಡವಳಿಕೆಯ ವಿಜ್ಞಾನಿಗಳು ಇದನ್ನು ಪ್ರಯೋಗದಿಂದಲೇ ತೋರಿಸಿದ್ದಾರೆ. ಮೊದಲನೆಯ ಕೂಗಿಗೆ ಆ ಕರಿ ಹೇಂಟೆಯ ಪಿಳ್ಳೆಗಳು ಲಂಟಾನ ಪೊದೆಯೊಳಗೆ ನುಗ್ಗಿ ಅಲ್ಲಾಡದೆ ಕೂರುತ್ತಿದ್ದವು. ಮಾರಾಟ ಕೇಂದ್ರದಿಂದ ವ್ಯಾನಿನಲ್ಲಿ ಬಂದ ಮರಿಗಳು ಬಯಲಲ್ಲೇ ನಿಂತು ನೋಡುತ್ತಿದ್ದವು.

ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಊರಿಗೆ ಊರೇ ಗೂಡು ಬರಿದಾದಾಗ ಹಿಂದೆ ಉಳಿದ ಒಂದೆರಡು ಹೇಂಟೆಗಳಿಂದಲೇ ವರ್ಷದೊಳಗೆ ಹಿತ್ತಿಲು ತುಂಬುತ್ತಿತ್ತು. ಇನ್ನು ಮುಂದೆ ಪ್ರತಿ ಸಲವೂ ದುಡ್ಡು ಎಣಿಸಿ ಮರಿ ತರಬೇಕು. ದುಡ್ಡಿಲ್ಲದ ಮನೆಗೆ ಕೋಳಿಯೇ ಇಲ್ಲ. ಕೋಳಿ ಕಾಸನ್ನೇ ಸೆರಗಿನ ತುದಿಯಲ್ಲಿ ಕಟ್ಟಿಟ್ಟುಕೊಂಡು ಮಕ್ಕಳ ಪುಸ್ತಕಕ್ಕೆ, ತಮ್ಮ ಔಷಧಿಗೆ ಬಿಚ್ಚುವ ಹೆಂಗಸರಿಗೆ ಬೀಳುವ ಪೆಟ್ಟು ಇದು.

ತಡೆಯುವುದು ಇನ್ನೂ ನಮ್ಮ ಕೈಯಲ್ಲಿದೆ, ಖರ್ಚೂ ಇಲ್ಲ. ತಿನ್ನುವ ಮೊಟ್ಟೆಗೆ ಹುಂಜವೇ ಬೇಕಿಲ್ಲ. ಗಿರಿರಾಜ ಹೇಂಟೆಗಳು ಹುಂಜವಿಲ್ಲದೆಯೂ ಅಷ್ಟೇ ಮೊಟ್ಟೆ ಇಡುತ್ತವೆ. ಆದ್ದರಿಂದ ಆ ತಳಿಯ ಗಂಡುಗಳನ್ನು ನಾಲ್ಕು ತಿಂಗಳೊಳಗೆ, ಮೆಟ್ಟಲು ಶುರುಮಾಡುವ ಮೊದಲೇ ಮಾರಿಬಿಡಿ. ಎಂಟು ಹತ್ತು ಹೇಂಟೆಗೆ ಒಂದರಂತೆ ನಾಟಿ ಹುಂಜವನ್ನೇ ಉಳಿಸಿಕೊಳ್ಳಿ. ಒಳಸಂಬಂಧ ಬೆಳೆಯದಂತೆ ವರ್ಷಕ್ಕೊಮ್ಮೆ ಪಕ್ಕದೂರಿನವರ ಜೊತೆ ಹುಂಜ ಬದಲಿಸಿ. ಈಗಾಗಲೇ ಬೆರೆತಿದ್ದರೆ ಗಿರಿರಾಜ ಹುಂಜ ಹೋದ ಮರುದಿನವೇ ಮೊಟ್ಟೆ ಕೂರಿಸಬೇಡಿ. ಹೇಂಟೆಯ ಅಂಡನಾಳದ ಸಣ್ಣ ಕೊಳವೆಗಳಲ್ಲಿ ಹುಂಜದ ವೀರ್ಯ ಎರಡು ಮೂರು ವಾರ ಜೀವಂತವಾಗಿರುತ್ತದೆ. ಮೂರು ವಾರ ಬಿಟ್ಟು, ಆಮೇಲಿನ ಮೊಟ್ಟೆಯನ್ನು ಕಾವಿಗಿಡಿ.

ಅಮ್ಮ ಕಾವಿಗಿಟ್ಟ ಹದಿಮೂರು ಮೊಟ್ಟೆಗಳಲ್ಲಿ ಹತ್ತು ಎದ್ದವು. ಆದರೆ ಕೂರಿಸಿದ ಮೊಟ್ಟೆ ನಮ್ಮ ಬೆರಕೆ ಹೇಂಟೆಗಳದು, ಹುಂಜ ಗಿರಿರಾಜದ್ದು. ಕಾವು ಕೊಟ್ಟ ತಾಯಿಯ ಒಂದು ಹನಿ ರಕ್ತವೂ ಆ ಪಿಳ್ಳೆಗಳಲ್ಲಿಲ್ಲ. ಪಾಲಿಗೆಂದು ಅಜ್ಜಿ ಐದನ್ನು ಮಂಕರಿಯಲ್ಲಿ ಕೊಂಡೊಯ್ದರು. ಅವರ ಮನೆಯಲ್ಲಿ ಇರುವುದು ಅದೊಂದೇ ಕರಿ ಹೇಂಟೆ. ಈ ಐದು ಬೆಳೆಯುವುದೂ ಅದರ ಜೊತೆಗೇ. ಅವುಗಳಲ್ಲಿ ಎರಡು ಗಂಡು.