ಕುಂದಗನ್ನಡವೂ ಅಂತರ್ಜಾಲವೃತ್ತಿಯೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ಕೇಳಿಬರುವ ಆಡುನುಡಿಯು ಕುಂದಗನ್ನಡವೆನಿಸಿರುವುದು. ಅಂತರ್ಜಾಲದಲ್ಲಿ ಸರಕಿನ ಪ್ರಚಾರವನ್ನೂ ಪಾಠಪ್ರವಚನವನ್ನೂ ವೃತ್ತಿಯಾಗಿ ಕೈಕೊಂಡ ಅಲ್ಲಿಯ ತರುಣರಿಗೆ ಈ ನುಡಿಯೇ ಒಂದು ಮೂಲಧನವು. ಏಕೆಂದರೆ ಜಾಹೀರಾತಿನ ಪ್ರಥಮ ಪ್ರಯೋಜನವು ಲಕ್ಷ್ಯವನ್ನು ಸೆಳೆಯುವುದು; ಬೆಂಗಳೂರು, ಮುಂಬಯಿಗಳಲ್ಲಿ ನೆಲಸಿದ ಕುಂದಾಪುರದವನು ಗ್ರಂಥಸ್ಥ ಭಾಷೆಗಿಂತ 'ಹ್ವಾಯ್' ಎಂಬ ಸಂಬೋಧನೆಗೆ ಬೇಗನೆ ಕಿವಿಗೊಡುವನು.

ಆದರೆ ಹಾಸ್ಯಕ್ಕೆ ಮಾತ್ರವೇ ಇದನ್ನು ಬಳಸಿದಲ್ಲಿ, ಪರಸ್ಥಳದವರು ಅಪಭ್ರಷ್ಟವೆಂದೆಣಿಸುವರು. ಮನೆಯ ಮಕ್ಕಳೂ ಆಡಲು ನಾಚುವರು. ವಸ್ತುತಃ ಹಳಗನ್ನಡದ 'ಬರ್ಪ' ಎಂಬ ರೂಪವೇ, ರೇಫವು ಲೋಪವಾಗಿ ಪಕಾರವು ದ್ವಿತ್ವವನ್ನು ಹೊಂದಿ, ಇಲ್ಲಿ 'ಬಪ್ಪ' ಎಂದಾಗಿರುವುದು, 'ಪೋಪ'ವು 'ಹೋಪ'ವಾಗಿರುವುದು. ಶಿಷ್ಟಗನ್ನಡದ 'ಬರುವ', 'ಹೋಗುವ' ಎಂಬವುಗಳಲ್ಲಿ ಆ ಪಕಾರವು ಉಳಿದಿಲ್ಲ. ಅಧ್ಯಾಪಕನು ಇದನ್ನು ಅದೇ ಜಾಲದಲ್ಲಿ ವಿವರಿಸಿದರೆ ನಾಚಿಕೆಯು ನೀಗುವುದು. 2019ರಿಂದ ಆಷಾಢದ ಅಮಾವಾಸ್ಯೆಯಂದು ನಡೆದುಬಂದಿರುವ ವಿಶ್ವ ಕುಂದಾಪ್ರ ಕನ್ನಡ ದಿನಕ್ಕೆ ಇಂಥ ಪಾಠವೇ ತಕ್ಕ ಕಾಣಿಕೆಯು.