ಮೋಡದ ಚಿತ್ರ ಯಾರ್ಯಾರ ಕೈಗೆ?

ಕಾರವಾರದ ಬೈತಖೋಲ ಬಂದರಿನ ಧಕ್ಕೆಯ ಮೇಲೆ ನಿಂತು ದಕ್ಷಿಣಕ್ಕೆ ಮುಖ ಮಾಡಿ ತಲೆ ಎತ್ತಿದರೆ, ದಿಗಂತದಿಂದ ಸುಮಾರು 72 ಡಿಗ್ರಿ ಮೇಲೆ, ಅಂದರೆ ನೆತ್ತಿಯಿಂದ ಕೊಂಚವೇ ಕೆಳಗೆ, ಇನ್ಸಾಟ್-3ಡಿಆರ್ ಎಂಬ ಹವಾಮಾನ ಉಪಗ್ರಹ ಇದೆ. ಕಣ್ಣಿಗೆ ಕಾಣುವ ಮಾತಿಲ್ಲ. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದರ ಠಾವು. ಅದು ನಿಂತಿರುವುದು ಪೂರ್ವ ರೇಖಾಂಶ 74 ಡಿಗ್ರಿಯಲ್ಲಿ. ಕಾರವಾರದ ರೇಖಾಂಶ 74.13, ಅಂಕೋಲಾದ್ದು 74.3. ಹೀಗೆ ಹೊಂದಿಕೊಂಡದ್ದು ಆಕಸ್ಮಿಕ. ಆದರೂ ನಮ್ಮ ಕರಾವಳಿಯ ಮೋಡಗಳನ್ನು ಇಷ್ಟು ನೆಟ್ಟಗೆ ನೋಡುವ ಯಂತ್ರ ಇದೆ ಎಂಬುದು ಇಲ್ಲಿನ ಎಷ್ಟೋ ಜನರಿಗೆ ಗೊತ್ತೇ ಇಲ್ಲ.

2016ರ ಸೆಪ್ಟೆಂಬರ್ 8ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ರಾಕೆಟ್ ಏರಿ ಹೋದ ಈ 2,211 ಕಿಲೋ ತೂಕದ ಯಂತ್ರವನ್ನು ಅದರ ಜಾಗದಲ್ಲಿ ಹಿಡಿದು ನಿಲ್ಲಿಸಿರುವವರು ಹಾಸನದವರು. ಅಲ್ಲಿನ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದಲೂ ಇನ್ಸಾಟ್ ಸರಣಿಯ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. 2024ರ ಫೆಬ್ರುವರಿ 17ರಂದು ಹಾರಿದ ಇನ್ಸಾಟ್-3ಡಿಎಸ್ ಇದರ ಜೋಡಿ. ಒಂದೊಂದೂ ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯುತ್ತದೆ. ಎರಡರ ಸಮಯವನ್ನು ಹಿಂದುಮುಂದು ಇಟ್ಟರೆ ಕಾಲು ಗಂಟೆಗೊಂದು ಚಿತ್ರ ಸಿಗುತ್ತದೆ.

ಇದು ಗುಂಡಿ ಒತ್ತಿದ ಕೂಡಲೇ ಇಡೀ ಫೋಟೋ ತೆಗೆಯುವ ಕ್ಯಾಮೆರಾ ಅಲ್ಲ. ಒಂದು ಕನ್ನಡಿ ಪೂರ್ವದಿಂದ ಪಶ್ಚಿಮಕ್ಕೆ ಭೂಮಿಯನ್ನು ಒಂದು ಪಟ್ಟಿಯಷ್ಟು ಸವರುತ್ತದೆ, ಒಂದು ಹೆಜ್ಜೆ ದಕ್ಷಿಣಕ್ಕೆ ಸರಿಯುತ್ತದೆ, ಮತ್ತೆ ಸವರುತ್ತದೆ. ಭೂಮಿಯ ಕಾಣುವ ಮುಖ ಪೂರ್ತಿ ಮುಗಿಯುವುದಕ್ಕೆ ಸುಮಾರು 26 ನಿಮಿಷ ಬೇಕು. ಬಂದ ಬೆಳಕು ಆರು ಬೇರೆ ಬೇರೆ ತರಂಗಪಟ್ಟಿಗಳಾಗಿ ಒಡೆಯುತ್ತದೆ. ಹಗಲಿನ ಬೆಳಕಿನ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ರಾತ್ರಿಯೂ ಕೆಲಸ ಮಾಡುವ ಅವಕೆಂಪು ಚಿತ್ರದಲ್ಲಿ ಒಂದು ಚುಕ್ಕೆ ನಾಲ್ಕು ಕಿಲೋಮೀಟರ್. ಕಾರವಾರದಿಂದ ಅಂಕೋಲಾಕ್ಕೆ ಹಕ್ಕಿ ಹಾರುವ ದಾರಿ ಸುಮಾರು 25 ಕಿಲೋಮೀಟರ್. ಹಾಗಾಗಿ ಅವಕೆಂಪು ಚಿತ್ರದಲ್ಲಿ ಎರಡೂ ಊರುಗಳ ನಡುವೆ ಇರುವುದು ಬರೀ ಆರು ಚುಕ್ಕೆ. ಸದಾಶಿವಗಡವೂ ದೇವಗಡ ದ್ವೀಪವೂ ಒಂದೆರಡು ಚುಕ್ಕೆಗಳಲ್ಲಿ ಮುಗಿದುಹೋಗುತ್ತವೆ.

ಅವಕೆಂಪು ಚಿತ್ರ ತೋರಿಸುವುದು ಬಣ್ಣವನ್ನಲ್ಲ, ಬಿಸಿಯನ್ನು. ಮೋಡ ಎಷ್ಟು ಎತ್ತರಕ್ಕೆ ಬೆಳೆಯುತ್ತದೋ ಅದರ ನೆತ್ತಿ ಅಷ್ಟು ತಣ್ಣಗಿರುತ್ತದೆ. ಚಂಡಮಾರುತದ ಮೋಡಗಳ ನೆತ್ತಿ ಸೊನ್ನೆಗಿಂತ 70 ಡಿಗ್ರಿ ಸೆಲ್ಸಿಯಸ್ ಕೆಳಗೂ ಇಳಿಯಬಹುದು. ಅಷ್ಟು ತಣ್ಣನೆಯ ಭಾಗವನ್ನು ಬೆಳ್ಳಗೆ ತೋರಿಸುವುದು ರೂಢಿ. ಮೋಡಗಳು ಸುರುಳಿ ಸುತ್ತುವ ರೀತಿ ನೋಡಿ ಗಾಳಿಯ ವೇಗ ಅಂದಾಜಿಸುವ ಕ್ರಮವನ್ನು ಅಮೆರಿಕದ ವರ್ನನ್ ಡ್ವೊರಾಕ್ 1970ರ ದಶಕದಲ್ಲಿ ರೂಪಿಸಿದರು. ಸುರುಳಿಗೆ ಅಂಕ ಕೊಡುತ್ತಾರೆ: 2.5 ಬಂದರೆ ಚಂಡಮಾರುತ, 6.5 ಮುಟ್ಟಿದರೆ ಸೂಪರ್ ಸೈಕ್ಲೋನ್. ಹಡಗುಗಳಾಗಲಿ ಅಳತೆ ಉಪಕರಣಗಳಾಗಲಿ ಇಲ್ಲದ ನಡುಗಡಲಿನಲ್ಲಿ ಗಾಳಿಯ ಬಲ ತಿಳಿಯುವುದಕ್ಕೆ ಇಂದಿಗೂ ನಮ್ಮ ಹವಾಮಾನ ಇಲಾಖೆ ಬಳಸುವ ಮುಖ್ಯ ದಾರಿ ಇದೇ.

ಉಪಗ್ರಹ ಕೆಳಗೆ ಕಳಿಸುವುದು ಬರೀ ಅಂಕಿಗಳ ಹೊಳೆ. ದೆಹಲಿಯ ಹವಾಮಾನ ಇಲಾಖೆಯ ಭೂಕೇಂದ್ರದಲ್ಲೂ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದಲ್ಲೂ ಅದನ್ನು ಹಿಡಿದು, ತಪ್ಪು ತಿದ್ದಿ, ಕರಾವಳಿಯ ಗೆರೆಗೆ ಸರಿಯಾಗಿ ಕೂರಿಸಿ ಚಿತ್ರ ಮಾಡುತ್ತಾರೆ. ಮುಂದಿನ ಪ್ರಶ್ನೆ ಬಹಳ ದೊಡ್ಡದು, ಅದರ ಬಗ್ಗೆ ಬರೆಯುವವರು ಕಡಿಮೆ. ಆ ಚಿತ್ರ ಬೇಕಾದವರ ಮೇಜಿಗೆ ಹೊತ್ತಿಗೆ ಸರಿಯಾಗಿ ಹೇಗೆ ತಲುಪುತ್ತದೆ?

ಹವಾಮಾನ ಇಲಾಖೆಗಳು ವರದಿ ವಿನಿಮಯಕ್ಕೆಂದು ಕಟ್ಟಿಕೊಂಡ ಹಳೆಯ ಅಂತಾರಾಷ್ಟ್ರೀಯ ಜಾಲ ಊರೂರಿನ ಉಷ್ಣತೆ, ಮಳೆ, ಗಾಳಿಯ ಅಂಕಿಗಳಿಗೆ ಸಾಕಾಗಿತ್ತು. ಚಿತ್ರಗಳ ಭಾರಕ್ಕೆ ಅದು ಸಾಲದು. ಅದಕ್ಕೆ ಕಂಡುಕೊಂಡ ಉಪಾಯ ಬಿತ್ತರಣೆ. ಮಳೆಯ ಮುನ್ಸೂಚನೆಯನ್ನು ಮನೆಮನೆಗೂ ಫೋನ್ ಮಾಡಿ ಹೇಳುವುದಕ್ಕೂ ಕಾರವಾರ ಆಕಾಶವಾಣಿಯಲ್ಲಿ ಒಮ್ಮೆ ಓದುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದೂ. ಸಂಸ್ಕರಿಸಿದ ಚಿತ್ರವನ್ನು ಒಂದು ಸಂಪರ್ಕ ಉಪಗ್ರಹಕ್ಕೆ ಏರಿಸುತ್ತಾರೆ, ಅದು ಇಡೀ ಪ್ರದೇಶದ ಮೇಲೆ ಸುರಿಯುತ್ತದೆ. ಕೆಳಗೆ ಡಿಶ್, ರಿಸೀವರ್, ಕಂಪ್ಯೂಟರ್ ಇಟ್ಟುಕೊಂಡವರು ಹಿಡಿದುಕೊಳ್ಳುತ್ತಾರೆ. ಹಿಡಿಯುವವರು ಹತ್ತಿರಲಿ ಸಾವಿರವಿರಲಿ, ಕಳಿಸುವವರ ಖರ್ಚು ಅಷ್ಟೇ.

ಈ ಯೋಚನೆ ಹೊಸದಲ್ಲ. 1963ರ ಡಿಸೆಂಬರಿನಲ್ಲಿ ಅಮೆರಿಕ ಹಾರಿಸಿದ ಟೈರಾಸ್-8 ಉಪಗ್ರಹ ತಾನು ಹಾದುಹೋಗುವ ದಾರಿಯ ಚಿತ್ರವನ್ನು ಕೆಳಗಿರುವ ಯಾರು ಬೇಕಾದರೂ ಹಿಡಿಯುವಂತೆ ಬಿತ್ತರಿಸಿತು. ಬಡ ದೇಶಗಳ ಹವಾಮಾನ ಇಲಾಖೆಗಳಿಗೆ ಅದು ಮೊದಲ ಬಾಗಿಲು. ಮುಂಬೈಗೂ ಆ ದಶಕದಲ್ಲೇ, ಹಿಂದೂ ಮಹಾಸಾಗರದ ಅಂತಾರಾಷ್ಟ್ರೀಯ ಸಮೀಕ್ಷೆ ನಡೆಯುತ್ತಿದ್ದಾಗ, ಇಂಥ ಚಿತ್ರಗಳು ಬಂದವು. ಮುಂದೆ ನಮ್ಮದೇ ಇನ್ಸಾಟ್ ಬಂದಮೇಲೆ ದೆಹಲಿ ತನ್ನ ಚಿತ್ರಗಳನ್ನೂ ನಕಾಶೆಗಳನ್ನೂ ದೇಶದ ಮುನ್ಸೂಚನಾ ಕಚೇರಿಗಳಿಗೆ ಉಪಗ್ರಹದ ಮೂಲಕವೇ ಬಿತ್ತರಿಸಿತು; ಅದೇ ಬಿತ್ತರಣೆಯನ್ನು ನೇಪಾಳ, ಶ್ರೀಲಂಕಾ, ಮಾಲ್ಡೀವ್ಸ್ ಹವಾಮಾನ ಇಲಾಖೆಗಳೂ ಪಡೆದವು. ಆದರೆ ಆರಂಭದ ವರ್ಷಗಳಲ್ಲಿ ಇನ್ಸಾಟ್ ಚಿತ್ರಗಳು ದೂರದ ದೇಶಗಳಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಅದು ನಾವು ಮಾಡಬಾರದಿದ್ದ ಜಿಪುಣತನ ಎಂದೇ ನನ್ನ ಅಭಿಪ್ರಾಯ. 1998ರಲ್ಲಿ ಯುರೋಪಿನವರು ತಮ್ಮ ಮೀಟಿಯೊಸ್ಯಾಟ್-5 ಉಪಗ್ರಹವನ್ನು ಪೂರ್ವ ರೇಖಾಂಶ 63 ಡಿಗ್ರಿಗೆ ಸರಿಸಿ ತಂದರು. ಒಂದು ಸಮೀಕ್ಷೆಗೆಂದು ಬಂದ ಆ ಸೇವೆ ನಿಲ್ಲಲಿಲ್ಲ, ಇಂದು ಮೀಟಿಯೊಸ್ಯಾಟ್-9 ಅದನ್ನು ಮುಂದುವರಿಸಿದೆ. ಯುರೋಪಿನ ಯುಮೆಟ್‌ಕಾಸ್ಟ್, ಚೀನಾದ ಸಿಎಂಎಕಾಸ್ಟ್, ಜಪಾನಿನ ಹಿಮವಾರಿಕಾಸ್ಟ್ ಎಲ್ಲವೂ ಡಿಶ್ ಇಟ್ಟವರಿಗೆ ಚಿತ್ರ ಕೊಡುವ ಇದೇ ಬಗೆಯ ಬಿತ್ತರಣೆಗಳು.

ಹಂಚುವುದು ಏಕೆ ಬೇಕು ಎಂಬುದಕ್ಕೆ ಕಾರವಾರದವರು ಕಣ್ಣಾರೆ ಕಂಡ ಕ್ಯಾರ್ ಚಂಡಮಾರುತವೇ ಸಾಕು. 2019ರ ಅಕ್ಟೋಬರ್ ಕೊನೆಯ ವಾರ ನಮ್ಮದೇ ಕರಾವಳಿಯಾಚೆ, ಅರಬ್ಬಿ ಸಮುದ್ರದ ಪೂರ್ವ ಭಾಗದಲ್ಲಿ ವಾಯುಭಾರ ಕುಸಿತವಾಗಿ ಅದು ಹುಟ್ಟಿತು. ಹೊರಜಿಲ್ಲೆ, ಹೊರರಾಜ್ಯಗಳ ನೂರಾರು ಬೋಟುಗಳು ಕಾರವಾರ ಬಂದರಿನ ಮರೆಗೆ ಬಂದು ಲಂಗರು ಹಾಕಿದವು. 25ರಂದು ಅದಕ್ಕೆ ಹೆಸರು ಬಿತ್ತು, ಕೊಟ್ಟದ್ದು ಮ್ಯಾನ್ಮಾರ್. 27ರಂದು, ದೀಪಾವಳಿಯ ದಿನ, ಸೂಪರ್ ಸೈಕ್ಲೋನ್ ಆಯಿತು. 2007ರ ಗೋನು ನಂತರ ಅರಬ್ಬಿ ಸಮುದ್ರ ಕಂಡ ಮೊದಲ ಸೂಪರ್ ಸೈಕ್ಲೋನ್ ಅದು. ಅಷ್ಟರಲ್ಲಿ ಅದು ನಮ್ಮಿಂದ ದೂರ ಸಾಗಿ ಒಮಾನ್ ಕಡೆಗೆ ಮುಖ ಮಾಡಿತ್ತು. ಕರಾಚಿಯ ತೀರದ ವಸತಿಗಳಿಗೆ ಸಮುದ್ರದ ನೀರು ನುಗ್ಗಿತು. ಕೊನೆಗೆ ಸೊಮಾಲಿಯಾ ದಿಕ್ಕಿನಲ್ಲಿ ಸೊರಗಿತು. ಅದು ಇನ್ನೂ ಬದುಕಿರುವಾಗಲೇ ಮಹಾ ಎಂಬ ಇನ್ನೊಂದು ಚಂಡಮಾರುತ ಅದೇ ಸಮುದ್ರದಲ್ಲಿ ಎದ್ದಿತ್ತು.

ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳ ಬಗ್ಗೆ 13 ದೇಶಗಳಿಗೆ ಸಲಹೆ ಕೊಡುವ ಹೊಣೆಯನ್ನು ವಿಶ್ವ ಹವಾಮಾನ ಸಂಸ್ಥೆ ವಹಿಸಿರುವುದು ದೆಹಲಿಗೆ. ಬಾಂಗ್ಲಾದೇಶ, ಪಾಕಿಸ್ತಾನ, ಒಮಾನ್, ಯೆಮೆನ್, ಇರಾನ್ ಎಲ್ಲ ಆ ಪಟ್ಟಿಯಲ್ಲಿವೆ. ಬೈತಖೋಲದ ಎದುರಿನಲ್ಲಿ ಹುಟ್ಟಿದ ಮೋಡ ವಾರದೊಳಗೆ ಮಸ್ಕತ್ತಿನವರ ಚಿಂತೆಯಾಗಬಲ್ಲದು. ಎಲ್ಲರೂ ಅದೇ ಚಿತ್ರವನ್ನು ಅದೇ ಹೊತ್ತಿಗೆ ನೋಡಬೇಕು. ಈ ವಿಷಯದಲ್ಲಿ ದೇಶ ದೇಶಗಳ ನಡುವಿನ ಮನಸ್ತಾಪ ಅಡ್ಡ ಬಂದಿಲ್ಲ ಎಂಬುದು ನನಗೆ ಬಹಳ ಸಮಾಧಾನದ ಸಂಗತಿ.

ಉಪಗ್ರಹಕ್ಕೆ ನಮ್ಮ ಮಳೆಗಾಲ ಅಷ್ಟು ಸುಲಭವಾಗಿ ಸಿಗುವುದಿಲ್ಲ ಎನ್ನುವುದನ್ನೂ ಹೇಳಲೇಬೇಕು. ಜುಲೈನಲ್ಲಿ ಘಟ್ಟದ ಬುಡಕ್ಕೆ ಬಂದು ಬಡಿಯುವ ಮೋಡಗಳು ಎಷ್ಟೋ ಸಲ ತೀರಾ ಎತ್ತರ ಬೆಳೆಯದೆಯೇ ಸುರಿದುಬಿಡುತ್ತವೆ. ನೆತ್ತಿ ತಣ್ಣಗಿಲ್ಲದ ಕಾರಣ ಅವಕೆಂಪು ಚಿತ್ರದಲ್ಲಿ ಅವು ಬೆಳ್ಳಗೆ ಎದ್ದು ಕಾಣುವುದಿಲ್ಲ, ಮಳೆಯ ಅಂದಾಜು ನಿಜಕ್ಕಿಂತ ಕಡಿಮೆ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಸತತ ಮಳೆಗೆ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ಮುಚ್ಚಿತು, ಗಂಗಾವಳಿ ನದಿಗೆ ಬಿದ್ದ ಮಣ್ಣು ಎಬ್ಬಿಸಿದ ಅಲೆ ಆಚೆ ದಡದ ಉಳುವರೆ ಗ್ರಾಮಕ್ಕೂ ಅಪ್ಪಳಿಸಿತು. ನಾಲ್ಕು ಕಿಲೋಮೀಟರಿನ ಒಂದು ಚುಕ್ಕೆಯಲ್ಲಿ ಇಡೀ ಶಿರೂರು ಗುಡ್ಡ, ಹೆದ್ದಾರಿ, ನದಿ ಮೂರೂ ಅಡಗಿಹೋಗುತ್ತವೆ. ಇಂಥ ಕಡೆ ಪಣಜಿಯ ಡಾಪ್ಲರ್ ರೇಡಾರ್ ಬೇಕು, ಊರೂರಿನ ಮಳೆಮಾಪಕ ಬೇಕು, ಗುಡ್ಡ ಕಡಿದ ರೀತಿಯನ್ನು ಹತ್ತಿರ ಹೋಗಿ ನೋಡುವ ಭೂವಿಜ್ಞಾನಿ ಬೇಕು. ಚಿತ್ರವೊಂದನ್ನೇ ನಂಬಿ ಕೂರುವುದು ಅಪಾಯ.

ದೆಹಲಿಯಿಂದ ಮಾಲೆಗೆ ಚಿತ್ರ ಮುಟ್ಟಿಸುವ ಸಮಸ್ಯೆ ಬಗೆಹರಿದು ವರ್ಷಗಳೇ ಆದವು. ಉಳಿದಿರುವುದು ದಡದಿಂದ ಬೋಟಿನವರೆಗಿನ ದಾರಿ. ಮೊಬೈಲ್ ಸಿಗ್ನಲ್ ಸಮುದ್ರದಲ್ಲಿ ಸುಮಾರು 10-12 ಕಿಲೋಮೀಟರ್ ದಾಟುವುದಿಲ್ಲ. ಬೇಲೇಕೇರಿಯಿಂದಲೋ ಮುದಗಾದಿಂದಲೋ ಹೊರಟ ಬೋಟು ಅದನ್ನು ದಾಟಿದ ಮೇಲೆ ಆಕಾಶದಲ್ಲಿ ಚಿತ್ರ ಇದ್ದೂ ಬೋಟು ನಡೆಸುವ ತಾಂಡೇಲನಿಗೆ ಇಲ್ಲದ ಹಾಗೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಎದ್ದಾಗ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಪ್ರಾಣ ತೆತ್ತದ್ದು ಹೀಗೆ, ಸುದ್ದಿ ಮುಟ್ಟದ ದೂರದಲ್ಲಿ. ಅದಾದ ಮೇಲೆ ಬಂದದ್ದು ಜೆಮಿನಿ ಎಂಬ ಪುಟ್ಟ ಪೆಟ್ಟಿಗೆ. 2019ರ ಅಕ್ಟೋಬರಿನಲ್ಲಿ, ಕ್ಯಾರ್ ಏಳುವುದಕ್ಕೆ ಎರಡು ವಾರ ಮೊದಲಷ್ಟೇ ಅದು ಬಿಡುಗಡೆಯಾಯಿತು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಚಂಡಮಾರುತ ಎಚ್ಚರಿಕೆ, ಅಲೆಯ ಎತ್ತರ, ಮೀನು ಸಿಗಬಹುದಾದ ಜಾಗದ ಮಾಹಿತಿಯನ್ನು ಅದು ಉಪಗ್ರಹದಿಂದ ಹಿಡಿದು ಬ್ಲೂಟೂತ್ ಮೂಲಕ ಫೋನಿಗೆ ದಾಟಿಸುತ್ತದೆ. ಅದಕ್ಕೆ ಉತ್ತರ ಕಳಿಸಲು ಬರುವುದಿಲ್ಲ, ಕೇಳಿಸಿಕೊಳ್ಳಲು ಮಾತ್ರ. ಆದರೂ ಜೀವ ಉಳಿಸುವುದಕ್ಕೆ ಅಷ್ಟು ಸಾಕಾಗಬಹುದು.

ಹವಾಮಾನ ಇಲಾಖೆಯ ಜಾಲತಾಣದಲ್ಲಿ ಈ ಚಿತ್ರಗಳು ಎಲ್ಲರಿಗೂ ಉಚಿತ. ರಾತ್ರಿ ನೋಡುವುದಾದರೆ ಅವಕೆಂಪು ಚಿತ್ರ ಆರಿಸಿಕೊಳ್ಳಿ. ಮೇಲೆ ಬರೆದ ಸಮಯ ಗ್ರೀನಿಚ್ ಲೆಕ್ಕದ್ದಾದರೆ ಐದೂವರೆ ಗಂಟೆ ಕೂಡಿಸಿ. ಎಷ್ಟೋ ಜನ ಇದನ್ನು ಮರೆತು ಈಗಷ್ಟೇ ಬಂದ ಚಿತ್ರವನ್ನು ಹಳೆಯದೆಂದು ಬದಿಗಿಡುತ್ತಾರೆ. ಬೋಟಿನ ಮಾಲೀಕರಲ್ಲಿ ಒಂದು ವಿನಂತಿ: ಮಳೆಗಾಲದ ನಿಷೇಧ ಮುಗಿದು ಆಗಸ್ಟ್ 1ಕ್ಕೆ ಡೀಸೆಲ್, ಐಸು ತುಂಬಿಸಿ ಬೋಟು ಬಿಡುವ ಮೊದಲು, ಎಚ್ಚರಿಕೆ ಹಿಡಿಯುವ ಸಾಧನವೊಂದು ಬೋಟಿನಲ್ಲಿದೆಯೇ, ಅದು ಚಾರ್ಜ್ ಆಗಿದೆಯೇ ಎಂದು ದಯವಿಟ್ಟು ನೋಡಿಕೊಳ್ಳಿ.