ಮನೆ ಕಟ್ಟುವ ವಿದ್ಯೆಗೆ ಮಕ್ಕಳನ್ನು ಕಳುಹಿಸೋಣವೇ?

ಪಿ.ಯು.ಸಿ. ಫಲಿತಾಂಶ ಹೊರಬಿದ್ದ ದಿನಗಳಲ್ಲಿ ನಮ್ಮ ಸಮಾಜದ ಮನೆಮನೆಗಳಲ್ಲಿಯೂ ಒಂದೇ ಚರ್ಚೆ. ಗಣಿತದಲ್ಲಿ ಒಳ್ಳೆಯ ಅಂಕ ಬಂದಿದ್ದರೆ ಕಂಪ್ಯೂಟರ್. ಅದು ದೊರೆಯದಿದ್ದರೆ ಮಾತ್ರ ‘ಸಿವಿಲ್ ಇದ್ದೇ ಇದೆಯಲ್ಲ’ ಎಂಬ ಸಮಾಧಾನ. ಈ ಧೋರಣೆ ನಮಗೆ ಒಪ್ಪಿಗೆಯಾಗುವುದಿಲ್ಲ. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಮನೆ ಕಟ್ಟಿಸುವ ನಾವೇ, ಆ ಮನೆಯನ್ನು ನಿಲ್ಲಿಸುವ ವಿದ್ಯೆಯನ್ನು ಕೊನೆಯ ಸಾಲಿಗೆ ತಳ್ಳಿದ್ದೇವೆ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು 19 ಜನ ಅಸುನೀಗಿದರು. ಹೊಣೆ ಯಾರದೆಂಬುದು ನ್ಯಾಯಾಲಯದ ವಿಚಾರ. ಆದರೆ ಅಂದಿನಿಂದ ಹೊಸ ಕಟ್ಟಡವೊಂದನ್ನು ಕಂಡಾಗಲೆಲ್ಲ, ಇದರ ಲೆಕ್ಕ ಹಾಕಿದವರಾರು, ಕೆಲಸದ ಮೇಲೆ ನಿಗಾ ಇಟ್ಟವರಾರು ಎಂಬ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಏಳುತ್ತದೆ.

ಸಿವಿಲ್ ವಿದ್ಯಾರ್ಥಿ ಕಲಿಯುವುದೇನು? ಪ್ರಯೋಗಾಲಯದಲ್ಲಿ ಅವನು 15 ಸೆಂಟಿಮೀಟರ್ ಅಳತೆಯ ಉಕ್ಕಿನ ಅಚ್ಚಿಗೆ ಕಾಂಕ್ರೀಟ್ ತುಂಬಿ, ಗಟ್ಟಿಯಾದ ಘನವನ್ನು ನೀರಿನಲ್ಲಿರಿಸಿ, 28ನೆಯ ದಿನ ಯಂತ್ರದಲ್ಲಿಟ್ಟು ಒಡೆಯುತ್ತಾನೆ. ಎಂ-20 ದರ್ಜೆಯೆಂದರೆ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳಬೇಕು. ಅದೇ ಸಿಮೆಂಟು, ಅದೇ ಮರಳು, ಅದೇ ಜಲ್ಲಿ. ನೀರೊಂದು ಹೆಚ್ಚಾದರೆ ಘನ ಬೇಗನೆ ಬಿರಿಯುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವನು ಮೇಸ್ತ್ರಿಗೆ ‘ಇನ್ನೊಂದು ಕೊಡ ನೀರು ಸುರಿಯಪ್ಪ’ ಎನ್ನಲಾರ. ನಮ್ಮ ಮನೆಗೆ ಸ್ಲ್ಯಾಬ್ ಹಾಕಿದ ದಿನ, ಕೆಲಸ ಹಗುರವಾಗಲೆಂದು ಹಾಗೆ ನೀರು ಸುರಿಯುತ್ತಿದ್ದುದನ್ನು ನಾವು ಪಕ್ಕದಲ್ಲಿಯೇ ನಿಂತು ಸುಮ್ಮನೆ ನೋಡಿದೆವು. ಮೂರನೆಯ ಮಳೆಗಾಲಕ್ಕೆ ಮಾಳಿಗೆ ಸೋರತೊಡಗಿತು. ಹಾಕಿದ ಕಾಂಕ್ರೀಟನ್ನು ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ ತೇವವಾಗಿಡಬೇಕೆಂಬ ನಿಯಮವೂ ಅಂದು ನಮಗೆ ತಿಳಿದಿರಲಿಲ್ಲ.

ಈ ಓದಿಗೆ ಈಗ ಇನ್ನೊಂದು ಮುಖ ಬಂದಿದೆ. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟು ಸಿಮೆಂಟ್ ತಯಾರಿಸುವಾಗ, ಉರುವಲಿನಿಂದಷ್ಟೇ ಅಲ್ಲ, ಆ ಕಲ್ಲಿನಿಂದಲೇ ಇಂಗಾಲಾಮ್ಲ ಹೊರಬೀಳುತ್ತದೆ. ಪ್ರತಿ ಟನ್ನಿಗೆ ಅದು ಅರ್ಧ ಟನ್ನಿಗೂ ಮಿಕ್ಕಿದ್ದು. ಹೀಗಾಗಿ ಸಿಮೆಂಟನ್ನು ಹೇಗೆ ಬಳಸಬೇಕೆಂಬುದರ ಜೊತೆಗೆ ಎಲ್ಲಿ ಉಳಿಸಬಹುದೆಂಬುದನ್ನೂ ಕಲಿಸಲಾಗುತ್ತಿದೆ. ಸಿಮೆಂಟಿನಲ್ಲಿ ಶೇ. 35ರವರೆಗೆ ಹಾರುಬೂದಿ ಬೆರೆಸಲು ನಮ್ಮ ದೇಶದ ಮಾನಕವೇ ಒಪ್ಪುತ್ತದೆ. ಇದು ತೀರ ಹೊಸ ವಿಚಾರವೂ ಅಲ್ಲ: 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ವಿಭಾಗದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು, ಮಣ್ಣಿಗೆ ಶೇ. 5ರಿಂದ 8ರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆಯನ್ನು ಬೆಳೆಸಿದರು. ಭಟ್ಟಿಯೂ ಬೇಡ, ಕಟ್ಟಿಗೆಯೂ ಬೇಡ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೇಸಿಗೆಯ ಮಧ್ಯಾಹ್ನ ತಂಪಾಗಿ ಮಲಗಿದವರಿಗೆ ಮಣ್ಣಿನ ಗೋಡೆಯ ಗುಣವನ್ನು ನಾವು ಹೇಳಬೇಕಾಗಿಲ್ಲ.

ನಿರ್ಮಾಣ ನಿರ್ವಹಣೆಯೆಂಬುದು ಇದರ ಮತ್ತೊಂದು ಶಾಖೆ. ಯಾವ ಕೆಲಸದ ಹಿಂದೆ ಯಾವುದು, ಎಷ್ಟು ಹಣ, ಎಷ್ಟು ಜನ, ಕೂಲಿಕಾರರ ಸುರಕ್ಷತೆ ಹೇಗೆ ಎಂಬ ಲೆಕ್ಕಾಚಾರ.

ಹೆಣ್ಣುಮಕ್ಕಳಿಗೆ ಇದು ಹೊಂದದೆಂಬ ಮಾತನ್ನಂತೂ ಕೈಬಿಡಬೇಕು. ನದಿಯಿಂದ 359 ಮೀಟರ್ ಎತ್ತರದಲ್ಲಿ ನಿಂತು, 2025ರ ಜೂನ್‌ನಲ್ಲಿ ಉದ್ಘಾಟನೆಯಾದ ಚೆನಾಬ್ ರೈಲ್ವೆ ಸೇತುವೆಯ ಬೆಟ್ಟದ ಇಳಿಜಾರುಗಳನ್ನು ಭದ್ರಪಡಿಸುವಲ್ಲಿ ಹದಿನೇಳು ವರ್ಷ ಸಲಹೆಗಾರರಾಗಿ ದುಡಿದವರು ಅದೇ ವಿಜ್ಞಾನ ಸಂಸ್ಥೆಯ ಪ್ರೊ. ಜಿ. ಮಾಧವಿ ಲತಾ.

ನಮ್ಮ ಹಿರಿಯರು ಈ ಓದಿಗೆ ಬಾಗಿಲು ತೆರೆದು ಬಹಳ ಕಾಲವಾಯಿತು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು 1947ರದು, ಕಲಬುರಗಿಯ ಪಿ.ಡಿ.ಎ. 1958ರದು, ಬಾಗಲಕೋಟೆಯ ಬಸವೇಶ್ವರ ಕಾಲೇಜು ಹಾಗೂ ತುಮಕೂರಿನ ಸಿದ್ಧಗಂಗಾ ಸಂಸ್ಥೆ 1963ರವು. ಪಿ.ಯು.ಸಿ. ವಿಜ್ಞಾನದ ನಂತರ ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷದ ಬಿ.ಇ. ಸೇರಬಹುದು. ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಮೂರು ವರ್ಷದ ಡಿಪ್ಲೊಮಾ ಇದ್ದು, ಆ ಬಳಿಕ ಪ್ರತ್ಯೇಕ ಪರೀಕ್ಷೆಯ ಮೂಲಕ ಬಿ.ಇ. ಎರಡನೆಯ ವರ್ಷಕ್ಕೇ ಪ್ರವೇಶ ಪಡೆಯಬಹುದು.